ಸ್ಟಿಕ್ಕರ್ ಓದಬೇಡಿ, ಮಾನಿಟರ್ ಓದಿ

ನಮಸ್ಕಾರ, ಎಲ್ಲರಿಗೂ ನಮಸ್ಕಾರ. ಇವತ್ತು ಮೂಲವ್ಯಾಧಿ ಬಗ್ಗೆ ಮಾತಾಡಬೇಕಿತ್ತು. ಆದರೆ ಬೆಳಗ್ಗೆ ಕಾಫಿ ಹಿಡಿದುಕೊಂಡು ಕಾಮೆಂಟ್ ನೋಡುತ್ತಿದ್ದೆ. ಒಬ್ಬರು ಅಣ್ಣ ಬರೆದಿದ್ದಾರೆ: "ಸಿಸ್ಟರ್, ಎಚ್‌ಐವಿ ಇರೋರನ್ನ ಐಸಿಯುಗೆ ಯಾಕೆ ಹಾಕ್ತೀರಾ? ಹೇಗಿದ್ರೂ ಉಳಿಯಲ್ಲ. ಬೆಡ್ ವೇಸ್ಟ್." ಕೊನೆಗೆ ಕೈಮುಗಿಯುವ ಇಮೋಜಿ ಬೇರೆ! ಕಾಫಿ ಆರಿಹೋಯಿತು. ಮೂಲವ್ಯಾಧಿಯವರು ಇನ್ನೊಂದು ವಾರ ತಡೆದುಕೊಳ್ಳಿ, ಬೇಜಾರಾಗಬೇಡಿ.

ಹಳಬರಿಗೆ ಗೊತ್ತು, ನಾನು ಹನ್ನೊಂದು ವರ್ಷ ಐಸಿಯು ನರ್ಸ್. ಒಂದು ಆಸ್ಪತ್ರೆ, ಹೆಸರು ಬೇಡ. ರಾತ್ರಿ ಪಾಳಿಯಲ್ಲಿ ಟ್ರಾಲಿ ಬಂತು. ನಲವತ್ತರ ಆಸುಪಾಸಿನ ಹೆಂಗಸು. ಉಸಿರು ನಿಮಿಷಕ್ಕೆ 40, ಸ್ಯಾಚುರೇಶನ್, ಅಂದರೆ ರಕ್ತದಲ್ಲಿನ ಆಕ್ಸಿಜನ್, 82. ಫೈಲಿನ ಮೇಲೆ ಎಚ್‌ಐವಿ ಇದೆ ಅನ್ನುವ ಕೆಂಪು ಸ್ಟಿಕ್ಕರ್. ಡ್ಯೂಟಿಯಲ್ಲಿದ್ದವರು ಮಾನಿಟರ್ ಕಡೆ ತಿರುಗಲೇ ಇಲ್ಲ. ಸ್ಟಿಕ್ಕರ್ ನೋಡಿದರು, "ಬೆಡ್ ಇಲ್ಲ ಅಂತ ಹೇಳಿ" ಅಂದರು. ಮೂರನೇ ಬೆಡ್ ಖಾಲಿ ಇತ್ತು. ಅದಕ್ಕೆ ಬೆಡ್‌ಶೀಟ್ ಹಾಸಿದ್ದೇ ನಾನು. ಆಕೆಯ ಮಗ ಬಾಗಿಲಿನ ಗಾಜಿಗೆ ಮುಖ ಒತ್ತಿಕೊಂಡು ಅದೇ ಬೆಡ್ ನೋಡುತ್ತಿದ್ದ. ಆಂಬುಲೆನ್ಸ್ ತಿರುಗಿ ಹೋಯಿತು. ಆಮೇಲೆ ಆ ತಾಯಿ ಏನಾದರೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಸ್ಟಿಕ್ಕರ್ ಓದಬೇಡಿ, ಮಾನಿಟರ್ ಓದಿ. ಇಷ್ಟೇ ನನ್ನ ಮಾತು.

ಅಣ್ಣ, ನೀವು 1985ರಲ್ಲಿ ಕಾಮೆಂಟ್ ಹಾಕಿದ್ದರೆ ಒಪ್ಪುತ್ತಿದ್ದೆ. ಆಗ ಈ ರೋಗಿಗಳಿಗೆ ನ್ಯುಮೋಸಿಸ್ಟಿಸ್ ಅನ್ನೋ ನ್ಯುಮೋನಿಯಾ ಬಂದು ವೆಂಟಿಲೇಟರ್ ಹಾಕಿದರೆ ಬಹಳಷ್ಟು ಜನ ಮನೆಗೆ ವಾಪಸ್ ಹೋಗುತ್ತಿರಲಿಲ್ಲ. ಆಮೇಲೆ ಎಷ್ಟು ನೀರು ಹರಿದಿದೆ! 1996ರ ಹೊತ್ತಿಗೆ ಮೂರು ಔಷಧಿ ಸೇರಿಸಿ ಕೊಡುವ ಚಿಕಿತ್ಸೆ ಬಂತು. ನಮ್ಮ ದೇಶದಲ್ಲಿ 2004ರ ಏಪ್ರಿಲ್ 1ರಿಂದ ಸರ್ಕಾರವೇ ಎಆರ್‌ಟಿ, ಅಂದರೆ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಮಾತ್ರೆ, ಪುಕ್ಕಟೆ ಕೊಡುತ್ತಿದೆ. ಅದೇ ನ್ಯುಮೋನಿಯಾಗೆ ಕೋಟ್ರೈಮಾಕ್ಸಜೋಲ್ ಇದೆ, ಆಕ್ಸಿಜನ್ ತೀರಾ ಇಳಿದಿದ್ದರೆ ಜೊತೆಗೆ ಸ್ಟೀರಾಯ್ಡ್. ಯಾವುದೂ ಚಿನ್ನದ ಬೆಲೆಯದಲ್ಲ. ಈಗ ಐಸಿಯುಗೆ ಬರುವ ಎಚ್‌ಐವಿ ರೋಗಿಗಳಲ್ಲಿ ಎಷ್ಟೋ ಜನ ಬರುವುದು ಸೆಪ್ಸಿಸ್ (ಸೋಂಕು ಮೈಯೆಲ್ಲ ಕೆಡಿಸುವುದು), ಹಾರ್ಟ್ ಅಟ್ಯಾಕ್, ಲಿವರ್ ತೊಂದರೆಗೆ. ಪಕ್ಕದ ಬೆಡ್ಡಿನ ತಾತ ಬಂದ ಕಾರಣಕ್ಕೇ! ಉಳಿಯುತ್ತಾರಾ ಇಲ್ವಾ ಅನ್ನುವುದಕ್ಕೆ ಸಿಡಿ4, ಅಂದರೆ ರೋಗದ ವಿರುದ್ಧ ಹೋರಾಡುವ ರಕ್ತಕಣ, ಎಷ್ಟಿದೆ ಅನ್ನುವುದಕ್ಕಿಂತ ಕಿಡ್ನಿ, ಬಿಪಿ, ಶ್ವಾಸಕೋಶ ಎಷ್ಟು ಕೆಟ್ಟಿದೆ ಅನ್ನುವುದು ಮುಖ್ಯ. ಅದು ಎಲ್ಲಿ ಕಾಣುತ್ತದೆ? ಸ್ಟಿಕ್ಕರ್ ಮೇಲಾ? ಮಾನಿಟರ್ ಓದಿ ಸ್ವಾಮಿ!

ಅಂದಹಾಗೆ ಮೂಗಿನಿಂದ ಹೊಟ್ಟೆಗೆ ಇಳಿಸುವ ರೈಲ್ಸ್ ಟ್ಯೂಬ್ ಬಗ್ಗೆ ನಮ್ಮ ಒಂದು ಎಪಿಸೋಡ್ ಇದೆ, ನೋಡಿಲ್ಲದವರು ನೋಡಿ, ಲೈಕ್ ಒತ್ತಿ. ಯಾಕೆ ಹೇಳಿದೆ ಅಂದರೆ, ಕೆಲಸ ಇರುವುದೇ ಅಲ್ಲಿ. ಪ್ರಜ್ಞೆ ಇಲ್ಲದವರು ಮಾತ್ರೆ ನುಂಗುತ್ತಾರಾ? ಎಚ್‌ಐವಿಗೆ ಕೊಡುವ ಡೊಲುಟೆಗ್ರಾವಿರ್ ಮಾತ್ರೆಯನ್ನು ಪುಟ್ಟ ಕಲ್ಲಿನಲ್ಲಿ ಕುಟ್ಟಿ, ನೀರಲ್ಲಿ ಕಲಸಿ, ಸಿರಿಂಜಿನಲ್ಲಿ ಟ್ಯೂಬಿಗೆ ಬಿಡಬೇಕು. ಅದರ ಜೊತೆಗೇ ಗ್ಯಾಸಿನ ಔಷಧಿ ಅಂತ ಆಂಟಾಸಿಡ್ ಸುರಿದರೆ ಮಾತ್ರೆ ಮೈಗೆ ಹತ್ತುವುದಿಲ್ಲ. ಈ ಮಾತ್ರೆಯನ್ನು ಆಂಟಾಸಿಡ್‌ಗಿಂತ 2 ಗಂಟೆ ಮೊದಲು ಕೊಡಿ, ಇಲ್ಲವೇ ಆಂಟಾಸಿಡ್ ಕೊಟ್ಟು 6 ಗಂಟೆ ಬಿಟ್ಟು ಕೊಡಿ. ಟಿಬಿಗೆ ರಿಫಾಂಪಿಸಿನ್ ನಡೆಯುತ್ತಿದ್ದರೆ ಅದೇ ಮಾತ್ರೆ ದಿನಕ್ಕೆ ಎರಡು ಸಲ. ಮೆದುಳಿಗೆ ಕ್ರಿಪ್ಟೋಕಾಕಸ್ ಅನ್ನೋ ಫಂಗಸ್ ಹತ್ತಿದ್ದರೆ ಎಆರ್‌ಟಿಯನ್ನೇ ನಾಲ್ಕರಿಂದ ಆರು ವಾರ ತಡೆದು ಶುರು ಮಾಡುತ್ತಾರೆ. ಇಷ್ಟು ತಲೆ ಓಡಿಸಬೇಕಾದ ಜಾಗದಲ್ಲಿ ನೀವು ಸ್ಟಿಕ್ಕರ್ ಓದುತ್ತಾ ಕೂತರೆ?

ಇನ್ನೊಬ್ಬರು ಕೇಳಿದ್ದಾರೆ, "ಸಿಬ್ಬಂದಿಗೆ ಅಂಟಲ್ವಾ ಮೇಡಂ?" ಅಯ್ಯೋ, ಎಷ್ಟು ಕಾಳಜಿ! ಎಚ್‌ಐವಿ ಇರುವ ರಕ್ತದ ಸೂಜಿ ಚುಚ್ಚಿದರೆ ಸೋಂಕು ತಗಲುವ ಸಾಧ್ಯತೆ ಸುಮಾರು 0.3%. ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ಸೂಜಿ ಚುಚ್ಚಿದರೆ 30%ವರೆಗೂ ಹೋಗುತ್ತದೆ. ಚುಚ್ಚಿದ್ದು ಎಚ್‌ಐವಿ ಸೂಜಿಯಾದರೆ 72 ಗಂಟೆಯೊಳಗೆ ಮಾತ್ರೆ ಶುರು ಮಾಡಿ 28 ದಿನ ನುಂಗಿದರೆ ಆ 0.3 ಕೂಡ ಇನ್ನೂ ಇಳಿಯುತ್ತದೆ. ಗ್ಲೌಸ್ ಹಾಕಬೇಕಾದ್ದು ಎಲ್ಲರ ರಕ್ತಕ್ಕೂ. ಸ್ಟಿಕ್ಕರ್ ಇಲ್ಲದವರ ರಕ್ತ ಏನು ಪನ್ನೀರಾ?

"ಅವರೇ ಮಾಡಿಕೊಂಡಿದ್ದು" ಅನ್ನುವ ಗುಂಪೂ ಇದೆ. ಹೆಲ್ಮೆಟ್ ಇಲ್ಲದೆ ವೀಲಿಂಗ್ ಮಾಡಿ ಬಿದ್ದವನಿಗೆ ನಾವು ಕ್ಯಾರೆಕ್ಟರ್ ಸರ್ಟಿಫಿಕೇಟ್ ಕೇಳಿ ಬೆಡ್ ಕೊಡುತ್ತೀವಾ? ಗಂಡನಿಂದ ಸೋಂಕು ತಗಲಿದ ಹೆಂಡತಿ, ತಾಯಿಯಿಂದ ತಗಲಿದ ಮಗು, ಅವರೇನು ಮಾಡಿಕೊಂಡಿದ್ದು? ಹೋಗಲಿ, ಮಾಡಿಕೊಂಡಿದ್ದೇ ಅಂತ ಇಟ್ಟುಕೊಳ್ಳಿ, ಆದರೇನು?

ಕಾನೂನೂ ಇದೆ. 2017ರ ಎಚ್‌ಐವಿ ಕಾಯ್ದೆ, ಜಾರಿಗೆ ಬಂದಿದ್ದು 2018ರ ಸೆಪ್ಟೆಂಬರ್ 10ಕ್ಕೆ. ಎಚ್‌ಐವಿ ಇದೆ ಅಂತ ಚಿಕಿತ್ಸೆ ಕೊಡದೆ ಕಳಿಸುವಂತಿಲ್ಲ. ಊರಿಗೆಲ್ಲ ಕಾಣುವ ಹಾಗೆ ಫೈಲಿನ ಮೇಲೆ ಅಂಟಿಸುವಂತಿಲ್ಲ. ಏನಾದರೂ ಕೇಳಬೇಕಿದ್ದರೆ 1097ಕ್ಕೆ ಫೋನ್ ಮಾಡಿ, ದುಡ್ಡಿಲ್ಲ.

ನಮ್ಮಮ್ಮ ಒಳಗಿಂದ ಕೂಗುತ್ತಿದ್ದಾರೆ, "ಬಿಪಿ ಏರಿಸ್ಕೋಬೇಡ್ವೇ." ಅಮ್ಮ, ನನ್ನ ಬಿಪಿಯನ್ನೂ ಮಾನಿಟರಿನಲ್ಲೇ ಓದು! ಸುಮ್ನೆ ಹೇಳುತ್ತಿಲ್ಲ, "ಮಾನಿಟರ್ ಓದಿ" ಅಂತ ಕಪ್ ಪ್ರಿಂಟ್ ಮಾಡಿಸುತ್ತಿದ್ದೇನೆ. ಬೇಕಾದವರು ಮೆಸೇಜ್ ಮಾಡಿ. ಮೊದಲನೇ ಕಪ್ ಆ ಅಣ್ಣನಿಗೆ, ಪುಕ್ಕಟೆ. ಅವರ ಕಾಮೆಂಟ್ ಡಿಲೀಟ್ ಮಾಡಲ್ಲ, ಪಿನ್ ಮಾಡುತ್ತೇನೆ. ಅಡ್ರೆಸ್ ಕಳಿಸಿ ಅಣ್ಣ. ಕುಕ್ಕರ್ ಮೂರನೇ ಸಲ ಕೂಗಿತು, ಬೇಳೆ ತಳ ಹಿಡಿಯುತ್ತದೆ. ಮುಂದಿನ ವಾರ ಮೂಲವ್ಯಾಧಿ, ಖಂಡಿತ.