ಕೊತ್ತಂಬರಿಯಿಂದ ಶುರು ಮಾಡಬೇಡಿ

ಕೇಳುಗರಿಗೆ ನಮಸ್ಕಾರ.

ತರಕಾರಿ ಕೊಂಡವರಿಗೆ ನಾಲ್ಕು ಎಸಳು ಕರಿಬೇವು, ಒಂದಿಷ್ಟು ಕೊತ್ತಂಬರಿ ಕೊಸರು ಹಾಕುವ ಅಂಗಡಿಗಳು ಈಗ ಕಮ್ಮಿಯಾಗಿವೆ. ಮಳೆ ಜೋರಾದಾಗಲಂತೂ ಸೊಪ್ಪು ಕೊಳೆತು, ಒಂದು ಕಟ್ಟಿನ ಬೆಲೆ ಕೇಳಿದರೇ ಗಾಬರಿ. ಮನೆಯಲ್ಲೇ ಬೆಳೆಯೋಣ ಅನ್ನಿಸೋದು ಆಗಲೇ. ಒಂದು ಕುಂಡ ತರುತ್ತೇವೆ, ಅಡುಗೆಮನೆ ಡಬ್ಬಿಯಿಂದ ಒಂದು ಹಿಡಿ ಧನಿಯಾ ತೆಗೆದು ಎರಚುತ್ತೇವೆ. ವಾರ ಕಳೆದರೂ ಮೊಳಕೆ ಕಾಣದು. ನಮ್ಮ ಕೈಗುಣವೇ ಸರಿಯಿಲ್ಲ ಅಂತ ಕುಂಡ ಮೂಲೆಗೆ ಸೇರುತ್ತದೆ.

ಅದಕ್ಕೇ ಹೇಳೋದು, ಹೊಸಬರು ಕೊತ್ತಂಬರಿಯಿಂದ ಶುರು ಮಾಡಬೇಡಿ. ದೊಡ್ಡಪತ್ರೆಯಿಂದ ಮಾಡಿ. ಪಕ್ಕದ ಮನೆಯವರನ್ನು ಕೇಳಿ ಒಂದು ಗೇಣುದ್ದದ ಕಡ್ಡಿ ತನ್ನಿ. ಕೆಳಗಿನ ಎಲೆ ಕಿತ್ತು ಮಣ್ಣಿಗೆ ಚುಚ್ಚಿ. ಅಷ್ಟೇ ಕೆಲಸ. ದಪ್ಪ ಎಲೆಯಲ್ಲಿ ನೀರು ಕೂಡಿಟ್ಟುಕೊಳ್ಳುವ ಗಿಡ ಇದು. ನೀವು ಎರಡು ದಿನ ಮದುವೆಗೆ ಹೋಗಿ ಬಂದರೂ ಏನೂ ಆಗದು. ಸಾಯೋದು ದಿನಕ್ಕೆರಡು ಸಲ ನೀರು ಸುರಿದರೆ ಮಾತ್ರ. ಬುಡ ಕೊಳೆತುಬಿಡುತ್ತದೆ. ತಂಬುಳಿಗೆ, ಬಜ್ಜಿಗೆ ವರ್ಷವಿಡೀ ಎಲೆ ಸಿಗುತ್ತದೆ.

ಎರಡನೆಯದು ಪುದೀನ. ಇದಕ್ಕೂ ಬೀಜ ಬೇಡ. ಚಟ್ನಿಗೆ ತಂದ ಕಟ್ಟಿನಲ್ಲಿ ದಪ್ಪನೆಯ ಕಡ್ಡಿ ಆರಿಸಿ. ತುದಿಯ ಎಲೆ ಬಿಟ್ಟು ಉಳಿದಿದ್ದನ್ನು ಬಿಡಿಸಿಕೊಂಡು, ಕಡ್ಡಿಯನ್ನು ಒಂದು ಲೋಟ ನೀರಿನಲ್ಲಿ ನಿಲ್ಲಿಸಿ. ವಾರ, ಹತ್ತು ದಿನಕ್ಕೆ ಗೆಣ್ಣಿನಲ್ಲಿ ಬಿಳಿ ಬೇರು ಮೂಡುತ್ತದೆ. ಆಮೇಲೆ ಅಗಲವಾದ ಕುಂಡಕ್ಕೆ ನೆಡಿ. ಬೆಳಗಿನ ಬಿಸಿಲು ಸಾಕು. ಮಣ್ಣು ಮಾತ್ರ ಪೂರ್ತಿ ಒಣಗಬಾರದು. ಬೇರೆ ಗಿಡದ ಜೊತೆ ಇದನ್ನು ಸೇರಿಸಬೇಡಿ. ಮಣ್ಣಿನೊಳಗೇ ಕಾಂಡ ಹರಿಸಿ ಇಡೀ ಕುಂಡವನ್ನು ಆಕ್ರಮಿಸುತ್ತದೆ.

ಮಣ್ಣಿನ ವಿಷಯ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಎರೆಗೊಬ್ಬರ ಅಥವಾ ಚೆನ್ನಾಗಿ ಕಳಿತ ಸಗಣಿ ಗೊಬ್ಬರ, ಒಂದು ಪಾಲು ಕೋಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿ. ಕುಂಡದ ತಳದಲ್ಲಿ ತೂತಿರಲಿ. ನೀರು ಹಾಕುವ ಮುಂಚೆ ಬೆರಳು ಚುಚ್ಚಿ ನೋಡಿ, ಒದ್ದೆ ಇದ್ದರೆ ಬೇಡ.

ಈಗ ಕೊತ್ತಂಬರಿಗೆ ಬರೋಣ. ಒಂದು ಧನಿಯಾ ಕಾಳನ್ನು ಅಂಗೈಲಿಟ್ಟು ನೋಡಿ. ಉದ್ದುದ್ದ ಗೆರೆಗಳಿರುವ ಈ ಉರುಟು ಕಾಳು ನಿಜವಾಗಿ ಒಂದು ಒಣ ಹಣ್ಣು. ಒಳಗೆ ಎರಡು ಬೀಜ ಇರುತ್ತವೆ. ಲಟ್ಟಣಿಗೆಯಿಂದ ಮೆಲ್ಲಗೆ ಉರುಳಿಸಿದರೆ ಎರಡು ಹೋಳಾಗುತ್ತದೆ. ಪುಡಿ ಮಾಡಬೇಡಿ ಮತ್ತೆ! ರಾತ್ರಿ ನೀರಲ್ಲಿ ನೆನೆಸಿ, ಬೆಳಿಗ್ಗೆ ಅರ್ಧ ಇಂಚು ಆಳಕ್ಕೆ ಬಿತ್ತಿ. ಮೊಳಕೆ ಬರೋಕೆ ಎಂಟರಿಂದ ಹದಿನೈದು ದಿನ ಬೇಕು. ಅಲ್ಲಿಯವರೆಗೆ ಕೆದಕಿ ನೋಡಬೇಡಿ. ಅಂಗಡಿಯ ಧನಿಯಾ ಹಳೆಯದಾಗಿದ್ದರೆ ಹುಟ್ಟದೆಯೂ ಹೋಗಬಹುದು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ಅರ್ಕಾ ಇಶಾ’ ತಳಿ ಸಿಕ್ಕರೆ ಒಳ್ಳೆಯದು. ಒಂದು ಸಲ ಕೊಯ್ದರೆ ಮತ್ತೆ ಚಿಗುರುತ್ತದೆ.

ಇದರ ತಾಯಿ ಬೇರು ನೇರ ಕೆಳಗಿಳಿಯುತ್ತದೆ. ಅದಕ್ಕೇ ಎಂಟು ಇಂಚಾದರೂ ಆಳ ಇರೋ ಕುಂಡದಲ್ಲೇ ಬಿತ್ತಿ, ಕಿತ್ತು ನೆಡೋದು ಬೇಡ. ಬೇಸಿಗೆಯ ಝಳಕ್ಕೆ ಕೊತ್ತಂಬರಿ ಬೇಗ ಹೂವಿಗೆ ನಿಲ್ಲುತ್ತದೆ. ಎಲೆ ನೂಲಿನಂತೆ ಸಣ್ಣಗಾದರೆ ಅದರ ಕಾಲ ಮುಗಿಯಿತು ಅಂತಲೇ ಲೆಕ್ಕ. ಅಕ್ಟೋಬರ್‌ನಿಂದ ಫೆಬ್ರವರಿ ಒಳ್ಳೆಯ ಸಮಯ. ಕಲಬುರಗಿ, ರಾಯಚೂರಿನ ಕಡೆಯವರು ಬಿಸಿಲೇರುವ ಹೊತ್ತಿಗೆ ನೆರಳಿನ ಬಲೆ ಕಟ್ಟಿಕೊಳ್ಳಬೇಕು. ಕರಾವಳಿಯವರು ಮಳೆಗಾಲದಲ್ಲಿ ಕುಂಡಗಳನ್ನು ಮಾಡಿನ ಕೆಳಗೆ ಸರಿಸಬೇಕು. ಕಾಯುವ ತಾಳ್ಮೆ ಇಲ್ಲದವರಿಗೆ ಮೆಂತ್ಯ ಇದೆ. ನಾಲ್ಕೈದು ದಿನಕ್ಕೆ ಮೊಳಕೆ, ಮೂರ್ನಾಲ್ಕು ವಾರಕ್ಕೆ ಸೊಪ್ಪು.

ಕರಿಬೇವು ಮಾತ್ರ ವರ್ಷಗಟ್ಟಲೆ ಜೊತೆಗಿರುವ ಮರ. ಬೀಜಕ್ಕೆ ಮೊಳೆಯುವ ಶಕ್ತಿ ಬೇಗ ಹೋಗುತ್ತದೆ. ಹಾಗಾಗಿ ನರ್ಸರಿಯಿಂದ ಸಸಿಯನ್ನೇ ತನ್ನಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ‘ಸುವಾಸಿನಿ’ ಅನ್ನೋ ತಳಿ ಹೆಸರಿಗೆ ತಕ್ಕಂತೆ ಘಮಘಮ ಅನ್ನುತ್ತದೆ. ದೊಡ್ಡ ಕುಂಡ, ಐದಾರು ಗಂಟೆ ಬಿಸಿಲು ಬೇಕು. ಮೊದಲ ವರ್ಷ ಎಲೆ ಕೀಳಲು ಆಸೆ ಪಡಬೇಡಿ, ತುದಿ ಮಾತ್ರ ಚಿವುಟಿ. ಆಗ ಪಕ್ಕಕ್ಕೆ ಕವಲೊಡೆಯುತ್ತದೆ. ಸುಮ್ನೆ ಬಿಟ್ಟರೆ ಒಂದೇ ಕೋಲಾಗಿ ಉದ್ದಕ್ಕೆ ಹೋಗುತ್ತದೆ, ಅಲ್ವಾ?

ಒಂದು ದಿನ ಬೆಳಿಗ್ಗೆ ಚಿಗುರೆಲ್ಲ ಮಾಯವಾಗಿದ್ದರೆ ಎಲೆಗಳನ್ನು ಹತ್ತಿರದಿಂದ ನೋಡಿ. ಹಕ್ಕಿ ಹಿಕ್ಕೆ ಅಂದುಕೊಂಡು ಬಿಟ್ಟಿದ್ದು ಒಂದು ಹುಳು ಆಗಿರುತ್ತದೆ! ದೊಡ್ಡದಾದ ಮೇಲೆ ಅದು ಎಲೆಯಷ್ಟೇ ಹಸಿರು. ಮುಟ್ಟಿದರೆ ತಲೆಯ ಹಿಂದಿನಿಂದ ಎರಡು ಕೊಂಬು ಚಾಚಿ ಕೆಟ್ಟ ವಾಸನೆ ಬಿಡುತ್ತದೆ. ಅದು ಚಿಟ್ಟೆಯ ಮರಿ. ಕರಿಬೇವೂ ನಿಂಬೆಯೂ ಒಂದೇ ಕುಟುಂಬದವು, ಈ ಹುಳುವಿಗೆ ಎರಡೂ ಇಷ್ಟ. ಒಗ್ಗರಣೆಗೆ ಹಾಕುವ ಎಲೆಗೆ ಔಷಧ ಹೊಡೆಯಬೇಡಿ. ಕಡ್ಡಿಯಿಂದ ಎತ್ತಿ ಹತ್ತಿರದ ನಿಂಬೆ ಗಿಡಕ್ಕೆ ಬಿಡಿ. ಆ ನಿಂಬೆ ಗಿಡವೂ ನಿಮ್ಮದೇ ಆಗಿದ್ದರೆ, ಅದು ಬೇರೆ ತಾಪತ್ರಯ.

ನಮಸ್ಕಾರ.