ಹಾಸಿಗೆ ಹಿಡಿದವರ ಬಾಯಿ ಒಣಗದಿರಲಿ

ಕೇಳುಗರಿಗೆ ನಮಸ್ಕಾರ. ಮಂಡ್ಯ, ಮದ್ದೂರು, ಶ್ರೀರಂಗಪಟ್ಟಣದ ಕಡೆ ಕ್ಯಾನ್ಸರ್ ಕೈಮೀರಿದವರನ್ನು, ಲಕ್ವ ಹೊಡೆದವರನ್ನು ಮನೆಯಲ್ಲೇ ನೋಡಿಕೊಳ್ಳುತ್ತಿರುವವರಿಗೆ ಈ ಮಾತು. ಮೈ ಒರೆಸುತ್ತೀರಿ, ಬಟ್ಟೆ ಬದಲಾಯಿಸುತ್ತೀರಿ, ಬೆನ್ನಿಗೆ ಹುಣ್ಣಾಗದ ಹಾಗೆ ಮಗ್ಗುಲು ತಿರುಗಿಸುತ್ತೀರಿ. ಬಾಯಿ ಮಾತ್ರ ಮರೆತುಹೋಗುತ್ತದೆ. ಊಟವೇ ಬಿಟ್ಟಿದ್ದಾರೆ, ಇನ್ನು ಹಲ್ಲುಜ್ಜಿ ಏನಾಗಬೇಕು ಅಂತಾರೆ. ಊಟ ಬಿಟ್ಟವರ ಬಾಯಿಯೇ ಬೇಗ ಕೆಡುವುದು!

ನಮ್ಮ ಬಾಯನ್ನು ದಿನವಿಡೀ ತೊಳೆಯುತ್ತಿರುವುದು ಜೊಲ್ಲು. ಅಗಿಯುವುದು ನಿಂತರೆ ಅದೂ ಕಡಿಮೆಯಾಗುತ್ತದೆ. ಜೊತೆಗೆ ನೋವಿಗೆ ಕೊಡುವ ಮಾರ್ಫಿನ್, ಕತ್ತಿನ ಭಾಗಕ್ಕೆ ಕೊಟ್ಟ ರೇಡಿಯೇಷನ್, ಆಕ್ಸಿಜನ್, ಬಾಯಿ ತೆರೆದು ಉಸಿರಾಡುವುದು, ಎಲ್ಲ ಸೇರಿ ನಾಲಿಗೆ ಒಣಗಿ ಬಿರಿಯುತ್ತದೆ. ಹಾಗಂತ ಮಾರ್ಫಿನ್ ನಿಲ್ಲಿಸಬೇಡಿ, ಬಾಯಿ ನೋಡಿಕೊಳ್ಳಿ.

ಮಕ್ಕಳ ಮೆತ್ತನೆ ಬ್ರಷ್ ಸಾಕು, ದಿನಕ್ಕೆ ಎರಡು ಸಲ. ಅದೂ ಆಗದಿದ್ದರೆ ಬೆರಳಿಗೆ ತೆಳು ಬಟ್ಟೆ ಸುತ್ತಿ ಒರೆಸಿ. ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ ಹಾಕಿ ಬಾಯಿ ಮುಕ್ಕಳಿಸಲು ಕೊಡಿ, ದಿನಾ ಹೊಸದಾಗಿ ಮಾಡಿಕೊಳ್ಳಿ. ಖಾರವಾಗಿ ಉರಿಯುವ ಮೌತ್‌ವಾಶ್ ಬೇಡ, ನಿಂಬೆರಸವೂ ಬೇಡ. ಕಟ್ಟಿಸಿದ ಹಲ್ಲಿನ ಸೆಟ್ಟನ್ನು ರಾತ್ರಿ ತೆಗೆದು, ತೊಳೆದು, ನೀರಲ್ಲಿಡಿ.

ಟಾರ್ಚ್ ಹಿಡಿದು ದಿನಕ್ಕೊಮ್ಮೆ ಬಾಯೊಳಗೆ ನೋಡಿ. ನಾಲಿಗೆ, ಕೆನ್ನೆಯ ಒಳಗೆ ಮೊಸರಿನ ಕೆನೆಯಂತೆ ಬಿಳಿ ಕಾಣಿಸಿದರೆ ಅದು ಶಿಲೀಂಧ್ರದ ಸೋಂಕು ಇರಬಹುದು. ಉಜ್ಜಿ ಕೀಳಬೇಡಿ, ಡಾಕ್ಟರಿಗೆ ತೋರಿಸಿ, ಔಷಧಿ ಇದೆ. ಎಷ್ಟೋ ಸಲ ಅಜ್ಜಿ ಅನ್ನ ಬೇಡ ಅನ್ನುವುದು ಹಸಿವಿಲ್ಲದೆ ಅಲ್ಲ, ತುತ್ತು ಬಾಯಿಗಿಟ್ಟರೆ ಉರಿಯುತ್ತದೆ ಅಂತ. ಆ ಉರಿ ಹೋದ ಮೇಲೆ ಎರಡು ತುತ್ತು ಮೆತ್ತನೆ ಮೊಸರನ್ನ ತಿಂದವರಿದ್ದಾರೆ.

ಇನ್ನೊಂದು ಮಾತು, ಸ್ವಲ್ಪ ಕಷ್ಟದ್ದು. ಕೊನೆಗಾಲ ಅಂತ ಗೊತ್ತಾದಾಗ ನೆಂಟರೆಲ್ಲ ಬಂದು ಕಾವೇರಿ ನೀರೋ ತುಳಸಿ ತೀರ್ಥವೋ ಚಮಚದಲ್ಲಿ ಬಾಯಿಗೆ ಬಿಡುತ್ತಾರೆ. ಆ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ಪ್ರಜ್ಞೆ ಇಲ್ಲದವರಿಗೆ, ನುಂಗಲಾರದವರಿಗೆ ಆ ನೀರು ಶ್ವಾಸಕೋಶಕ್ಕೆ ಇಳಿದು ಉಸಿರು ಕಟ್ಟಬಹುದು. ಸುರಿಯಬೇಡಿ. ತಲೆ ಒಂದು ಪಕ್ಕಕ್ಕೆ ವಾಲಿಸಿ, ಅದೇ ತೀರ್ಥದಲ್ಲಿ ಶುಭ್ರ ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ, ತುಟಿ ನಾಲಿಗೆ ಒದ್ದೆ ಮಾಡಿ. ಗಂಟೆಗೊಮ್ಮೆ ಮಾಡಿದರೂ ಜಾಸ್ತಿಯಲ್ಲ. ಬಂದವರು ಒಬ್ಬೊಬ್ಬರಾಗಿ ಹೀಗೇ ಮಾಡಲಿ, ಮಕ್ಕಳೂ ಮಾಡಬಹುದು.