ಜೇನುಹುಳಕ್ಕೆ ನಮ್ಮ ಹೊಲದ ಲೆಕ್ಕ ಗೊತ್ತು

ನಮಸ್ಕಾರ ರೀ ಎಲ್ಲರಿಗೂ. ಆಳಂದ ತಾಲ್ಲೂಕಿನ ನಮ್ಮ ಹೊಲದಲ್ಲಿ ನಿಂತಿದ್ದೇನೆ, ಕೈಯಲ್ಲಿ ಹಳೇ ಧೋತರದ ತುಂಡು ಇದೆ, ನೋಡ್ರಿ. ಸೂರ್ಯಪಾನ, ಅಂದ್ರೆ ಸೂರ್ಯಕಾಂತಿ, ಬೆಳೆದವರಿಗೆ ಇದು ಯಾಕೆ ಅಂತ ಹೇಳಬೇಕಾಗಿಲ್ಲ. ಹೂ ಬಿಟ್ಟ ದಿನಗಳಲ್ಲಿ ಬೆಳಗ್ಗೆ ಈ ಮೆತ್ತನೆ ಬಟ್ಟೆ ಹಿಡಿದು ಒಂದೊಂದೇ ತೆನೆಯ ಮೇಲೆ ಮೆಲ್ಲಗೆ ಕೈಯಾಡಿಸುತ್ತಾ ಹೋಗಬೇಕು, ದಿನ ಬಿಟ್ಟು ದಿನ, ಒಂದು ತೆನೆಯ ಪರಾಗ ಇನ್ನೊಂದಕ್ಕೆ ತಾಗುವ ಹಾಗೆ. ಇಲ್ಲಾಂದ್ರೆ ಕಾಳು ಜೊಳ್ಳು. ಜೇನುಹುಳ ಪುಕ್ಕಟೆ ಮಾಡುತ್ತಿದ್ದ ಕೆಲಸವನ್ನು ಈಗ ನಮ್ಮ ಅವ್ವ ಮಾಡುತ್ತಾಳೆ.

"ಹುಳ ಬರೋದೇ ಬಿಟ್ಟಾವ, ಕಾಲ ಕೆಟ್ಟದ" ಅಂತ ಊರಿನ ಕಟ್ಟೆ ಮೇಲೆ ಕೂತು ಮಾತಾಡುತ್ತೇವೆ. ನಾನು ಅದನ್ನು ಒಪ್ಪುವುದಿಲ್ಲ. ಹುಳ ಸುಮ್ನೆ ಬರುವುದೂ ಇಲ್ಲ, ಸುಮ್ನೆ ಬಿಟ್ಟು ಹೋಗುವುದೂ ಇಲ್ಲ.

ಅದು ಹೇಗೆ ಹೂ ಆರಿಸುತ್ತದೆ ಅನ್ನುವುದನ್ನು ಸ್ವಲ್ಪ ಕೇಳಿ. ಜೇನುಹುಳದ ಕಣ್ಣಿಗೆ ನಮ್ಮ ಹಾಗೆ ಕೆಂಪು ಕಾಣುವುದಿಲ್ಲ, ಆದರೆ ನಮಗೆ ಕಾಣದ ನೇರಳಾತೀತ ಬೆಳಕು ಕಾಣುತ್ತದೆ. ಈ ಸೂರ್ಯಪಾನದ ಎಸಳು ನಮಗೆ ಪೂರ್ತಿ ಹಳದಿ, ಅಲ್ವಾ? ಹುಳಕ್ಕೆ ಅದರ ತುದಿ ಒಂದು ಬಣ್ಣ, ಬುಡ ಇನ್ನೊಂದು. ನಡುವಿನ ಜಾಗ ಗುರಿ ಹಾಕಿಟ್ಟ ಹಾಗೆ ಎದ್ದು ಕಾಣುತ್ತದೆ. ಆದರೆ ಬಣ್ಣ ನೋಡಿ ಹತ್ತಿರ ಬರಬಹುದು, ಅಷ್ಟೇ. ಮತ್ತೆ ಬರಬೇಕು ಅಂದರೆ ಒಳಗೆ ಏನಾದರೂ ಸಿಗಬೇಕು. ಮಕರಂದ ಎಷ್ಟಿತ್ತು, ಎಷ್ಟು ಸಿಹಿ ಇತ್ತು, ಎಷ್ಟು ದೂರ ಹಾರಬೇಕಾಯಿತು, ಎಲ್ಲ ಲೆಕ್ಕಕ್ಕೆ ಬರುತ್ತದೆ. ಹೂವಿನ ಬಣ್ಣ, ವಾಸನೆ, ಅದು ದಿನದ ಯಾವ ಹೊತ್ತಿಗೆ ಕೊಡುತ್ತದೆ ಅನ್ನುವುದನ್ನೂ ನೆನಪಿಟ್ಟುಕೊಳ್ಳುತ್ತದೆ. ಬೆಳಗ್ಗೆ ಕೊಡುವ ಹೂವಿಗೆ ಬೆಳಗ್ಗೆಯೇ ಬರುತ್ತದೆ. ಒಂದು ಜಾತಿಯ ಹೂ ಲಾಭ ಅನ್ನಿಸಿದರೆ ಅದನ್ನೇ ಹಿಡಿದುಕೊಂಡು ಹೋಗುತ್ತದೆ, ನಡುವೆ ಬೇರೆ ಹೂ ಇದ್ದರೂ ದಾಟಿಕೊಂಡು ಹೋಗುತ್ತದೆ. ಪರಾಗ ಸರಿಯಾದ ಹೂವಿಗೆ ಮುಟ್ಟುವುದು ಈ ಹಟದಿಂದಲೇ.

ಮುಂದಿನ ಮಾತು ನನಗೆ ಭಾಳ ಇಷ್ಟ. ಒಳ್ಳೆ ಜಾಗ ಸಿಕ್ಕ ಹುಳ ಗೂಡಿಗೆ ಹೋಗಿ ಕುಣಿದು ಉಳಿದವರಿಗೆ ದಿಕ್ಕು, ದೂರ ಎರಡೂ ಹೇಳುತ್ತದೆ. ವಿಜ್ಞಾನಿ ಕಾರ್ಲ್ ಫಾನ್ ಫ್ರಿಶ್ ಈ ಕುಣಿತದ ಅರ್ಥ ಬಿಡಿಸಿದರು, 1973ರಲ್ಲಿ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು. ನಮ್ಮ ಪೊದೆಗಳಲ್ಲಿ ಅಂಗೈ ಅಗಲದ ಗೂಡು ಕಟ್ಟುವ ಕೋಲುಜೇನು ಇದೆಯಲ್ಲ, ಅದು ಗೂಡಿನ ಮೇಲ್ಭಾಗದ ಸಮತಟ್ಟಾದ ಜಾಗದಲ್ಲಿ ಕುಣಿದು ಹೂ ಇರುವ ದಿಕ್ಕನ್ನು ನೇರವಾಗಿಯೇ ತೋರಿಸುತ್ತದೆ. ಹೂವಿನಲ್ಲಿ ಮಾಲು ಜಾಸ್ತಿ ಇದ್ದರೆ ಜಾಸ್ತಿ ಹೊತ್ತು ಕುಣಿತ. ಏನೂ ಇಲ್ಲದ ಹೊಲದ ಬಗ್ಗೆ ಕುಣಿತವೇ ಇಲ್ಲ.

ಹಾಗಂತ ಎಲ್ಲ ಹೂವೂ ಎಲ್ಲ ಹುಳಕ್ಕೂ ಅಲ್ಲ. ಕಲಬುರಗಿ ದಾರಿಯ ಬದಿಯಲ್ಲಿ ಹಳದಿಯಾಗಿ ನಿಲ್ಲುವ ತಂಗಡಿ ನೋಡಿ. ಅದರಲ್ಲಿ ಮಕರಂದ ಇಲ್ಲ, ಪರಾಗವೂ ಕೇಸರದ ತುದಿಯ ಸಣ್ಣ ತೂತಿನಿಂದ ಮಾತ್ರ ಬರುತ್ತದೆ. ದೊಡ್ಡ ಕರಿ ದುಂಬಿ ಬಂದು ಹೂವನ್ನು ಅಪ್ಪಿ ಹಿಡಿದು ಝುಂಯ್ ಅಂತ ಮೈ ನಡುಗಿಸಿದರೆ ಪುಡಿ ಸುರಿಯುತ್ತದೆ. ಜೇನುಹುಳಕ್ಕೆ ಆ ವಿದ್ಯೆ ಇಲ್ಲ. ತೊಗರಿ ಹೂವೂ ಹಾಗೆಯೇ ಸ್ವಲ್ಪ ಬಿಗಿ. ಭಾರ ಇರುವ ಹುಳ ಕೂತು ಕೆಳಗಿನ ಎಸಳು ಒತ್ತಿದಾಗ ಒಳಗಿನ ಕೇಸರ ಹೊರಗೆ ಬರುತ್ತದೆ. ಜೇನಿನ ಬಳಗದ, ಎಲೆ ಕತ್ತರಿಸುವ ಹುಳ ಈ ಕೆಲಸದಲ್ಲಿ ಪಳಗಿದ್ದು, ಪರಾಗವನ್ನು ಹೊಟ್ಟೆಯ ಅಡಿಯ ಕೂದಲಿಗೆ ಮೆತ್ತಿಕೊಂಡು ಹೋಗುತ್ತದೆ. ತೊಗರಿಗೆ ತನ್ನ ಪರಾಗದಿಂದಲೇ ಕಾಯಿ ಕಟ್ಟಲು ಬರುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ಪಕ್ಕದ ಸೂರ್ಯಪಾನಕ್ಕೆ ಹುಳ ಬೇಕೇ ಬೇಕು. ಈಗಿನ ಹೈಬ್ರಿಡ್ ಬೀಜಗಳಲ್ಲೂ ಹುಳ ಬಂದರೆ ಕಾಳು ಚೆನ್ನಾಗಿ ತುಂಬುತ್ತದೆ.

ಈಗ ನಾವು ಏನು ಮಾಡುತ್ತಿದ್ದೇವೆ? ತೊಗರಿಗೆ ಕಾಯಿಕೊರಕ ಬರುತ್ತದೆ, ಎಣ್ಣೆ, ಅಂದ್ರೆ ಕೀಟನಾಶಕ, ಹೊಡೆಯುತ್ತೇವೆ. ತಪ್ಪು ಅಂತ ನಾನು ಹೇಳುವುದಿಲ್ಲ, ವರ್ಷದ ದುಡಿಮೆ ಅದು. ಆದರೆ ಬೆಳಗ್ಗೆ ಒಂಬತ್ತಕ್ಕೆ, ಹುಳ ಹೂವಿನ ಮೇಲೆ ಕೂತಿರುವಾಗಲೇ ಯಾಕೆ? ನಮ್ಮ ಮನೆಯಲ್ಲೂ ಹೀಗೇ ಆಗಿದೆ, ಅಂಗಡಿಯವನು ಕೊಟ್ಟ ಎರಡು ಡಬ್ಬಿ ಸೇರಿಸಿ ಬೆಳಗ್ಗೆಯೇ ಹೊಡೆದರು, ಮಧ್ಯಾಹ್ನ ನಾನು ಬುತ್ತಿ ತಂದಾಗ ಸಾಲಿನಲ್ಲಿ ಸತ್ತ ಹುಳ ಬಿದ್ದಿದ್ದವು. ಹೂವಿಗೆ ಬಂದ ಹುಳ ಗೂಡಿಗೆ ತಿರುಗಿ ಹೋಗದಿದ್ದರೆ ಯಾರು ಕುಣಿದು ದಾರಿ ಹೇಳಬೇಕು? ನಮ್ಮ ಹಿರಿಯರು ಗಿಡ ಅಲುಗಾಡಿಸಿ ಕೀಡಿ ಉದುರಿಸುತ್ತಿದ್ದರು. ಅದನ್ನು ಈಗಲೂ ಮಾಡಬಹುದು. ಎಣ್ಣೆ ಬೇಕೇ ಬೇಕು ಅಂದರೆ ಸಂಜೆ ಹುಳ ಗೂಡಿಗೆ ಹೋದ ಮೇಲೆ ಹೊಡೆಯಿರಿ.

ಒಡ್ಡಿನ ವಿಷಯ ನನಗೆ ಇನ್ನೂ ಸಿಟ್ಟು ತರಿಸುತ್ತದೆ. ಕಸ ಅಂತ ಒಡ್ಡಿಗೆ ಬೆಂಕಿ ಹಚ್ಚುತ್ತೇವೆ, ಇಲ್ಲ ಕಳೆನಾಶಕ ಹೊಡೆಯುತ್ತೇವೆ. ಕೋಲುಜೇನಿನ ಮನೆ ಅಲ್ಲೇ ಇರುವುದು. ಎಲೆ ಕತ್ತರಿಸುವ ಹುಳ ಮೊಟ್ಟೆ ಇಡುವ ಟೊಳ್ಳು ಕಡ್ಡಿಯೂ ಅಲ್ಲೇ. ಸೂರ್ಯಪಾನ ಹೂ ಇರುವುದು ಹತ್ತು ದಿನ, ಉಳಿದ ದಿನ ಅವು ಏನು ತಿನ್ನಬೇಕು? ಬೇವು, ಹುಣಸೆ, ಹೊಂಗೆ, ಒಡ್ಡಿನ ಕಾಡುಹೂಗಳು ಇದ್ದರೆ ಹುಳ ಈ ಕಡೆ ಉಳಿಯುತ್ತದೆ. ಏನೂ ಉಳಿಸದೆ, ಹತ್ತು ದಿನಕ್ಕೆ ಮಾತ್ರ ಬಾ ಅಂದರೆ ಯಾರು ಬರುತ್ತಾರೆ?

ಹೋದ ವರ್ಷ ಅವ್ವನ ಜೊತೆ ಜಗಳ ಮಾಡಿ ಪೂರ್ವದ ಒಡ್ಡು ಸುಡಲು ಬಿಡಲಿಲ್ಲ. ಈಗ ಅಲ್ಲಿ ಬಾರಿ (ಬೋರೆ) ಗಿಡದಲ್ಲಿ ಕೋಲುಜೇನಿನ ಒಂದು ಗೂಡು ಇದೆ, ಕ್ಯಾಮೆರಾ ಹತ್ತಿರ ತರ್ತೀನಿ, ನೋಡಿ. ಆ ಒಡ್ಡಿನ ಪಕ್ಕದ ಹತ್ತು ಸಾಲಿಗೆ ನಾವು ಈ ಸಲ ಬಟ್ಟೆ ಮುಟ್ಟಿಸುವುದಿಲ್ಲ. ಉಳಿದ ಸಾಲುಗಳಿಗೆ ಅವ್ವ ಎಂದಿನ ಹಾಗೆ ಉಜ್ಜುತ್ತಾಳೆ. ಬಡಿದ ಮೇಲೆ ಎರಡನ್ನೂ ಬೇರೆ ಬೇರೆ ಚೀಲಕ್ಕೆ ತುಂಬಿ, ಇಲ್ಲೇ ನಿಮ್ಮ ಮುಂದೆ ತೂಗುತ್ತೇನೆ.